ಮೂಲೆ ಟೇಬಲ್ಲಿನ ಮೇಷ್ಟ್ರು

ಇಂಗ್ಲಿಷ್ ಮೇಷ್ಟ್ರು ಹೋದರು ಅಂತ ವಾಟ್ಸ್ಯಾಪಿನಲ್ಲಿ ಬಂತು. ಮೂರು ವರ್ಷ ಅವರು ಏನೇನು ಪಾಠ ಮಾಡಿದ್ದರು ಅಂತ ಕೂತು ಯೋಚಿಸಿದೆ. ಒಂದು ಪದ್ಯವೂ ನೆನಪಾಗಲಿಲ್ಲ. ನೆನಪಾಗಿದ್ದು ನ್ಯೂಯಾರ್ಕಿನ ಒಂದು ಊಟದ ಮೇಜು.

1984, ಎರಡನೇ ಬಿ.ಎ. ಮಧ್ಯಾಹ್ನದ ಪೀರಿಯಡ್. ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಮೇಷ್ಟ್ರು ಪುಸ್ತಕ ಮುಚ್ಚಿ ಅಲ್ಗಾಂಕ್ವಿನ್ ಹೋಟೆಲಿನ ಕಥೆ ಶುರು ಮಾಡಿದರು. 1919ರ ಜೂನ್‌ನಲ್ಲಿ, ಯುದ್ಧದಿಂದ ವಾಪಸಾದ ನಾಟಕ ವಿಮರ್ಶಕ ಅಲೆಕ್ಸಾಂಡರ್ ವುಲ್‌ಕಾಟ್‌ರನ್ನು ಗೇಲಿ ಮಾಡಲೆಂದೇ ಅಲ್ಲಿ ಊಟಕ್ಕೆ ಕರೆದರಂತೆ. ಆಸಾಮಿಗೆ ಅದೇ ಖುಷಿಯಾಯಿತಂತೆ. ಆಮೇಲೆ ಸುಮಾರು 10 ವರ್ಷ ಆ ಬರಹಗಾರರ ಗುಂಪಿಗೆ ಅಲ್ಲೇ ದುಂಡು ಮೇಜಿನ ಸುತ್ತ ಊಟ, ಅಲ್ಲೇ ಹರಟೆ. ಗುಂಪಿಗೆ ‘ರೌಂಡ್ ಟೇಬಲ್’ ಅಂತಲೇ ಹೆಸರು. ಡೊರೊಥಿ ಪಾರ್ಕರ್, ರಾಬರ್ಟ್ ಬೆಂಚ್ಲಿ, ಜಾರ್ಜ್ ಕಾಫ್‌ಮನ್, 1925ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆ ತೆಗೆದ ಹೆರಾಲ್ಡ್ ರಾಸ್. ಮ್ಯಾನೇಜರ್ ಫ್ರಾಂಕ್ ಕೇಸ್ ಅವರಿಗೆ ಸೆಲೆರಿ ಅನ್ನೋ ಸೊಪ್ಪಿನ ದಂಟು, ಪಾಪೋವರ್ ಅನ್ನೋ ಉಬ್ಬಿದ ಬನ್ನು ಬಿಟ್ಟಿ ಕೊಡುತ್ತಿದ್ದರಂತೆ. “ಬಿಟ್ಟಿ ಚಟ್ನಿ ಅಂದ್ಕೊಳ್ರೋ” ಅಂದರು ಮೇಷ್ಟ್ರು.

‘ಹಾರ್ಟಿಕಲ್ಚರ್’ ಪದ ಸೇರಿಸಿ ವಾಕ್ಯ ಮಾಡು ಅಂದಾಗ ಪಾರ್ಕರ್ ಏನಂದರು ಅನ್ನೋದನ್ನ ಮಾತ್ರ ಅವರು ಬಿಡಿಸಿ ಹೇಳಲಿಲ್ಲ. ಕೆಂಪಾಗಿ, “ಲೈಬ್ರರೀಲಿ ನೋಡ್ಕೊಳ್ಳಿ” ಅಂದರು. ಅವತ್ತು ಲೈಬ್ರರಿಯಲ್ಲಿ ನಿಲ್ಲೋಕೂ ಜಾಗ ಇರಲಿಲ್ಲ.

ಕ್ಯಾಂಟೀನಿನ ಮೂಲೆ ಟೇಬಲ್ಲನ್ನು ನಾವು ಐದು ಜನ ಹಿಡಿದುಕೊಂಡೆವು. ಅದು ಚೌಕ, ಇರಲಿ. ಮೇಷ್ಟ್ರು ಟ್ರೇನಿಂಗಿಗೆಂದು ಹೈದರಾಬಾದಿಗೆ ಹೋಗಿ ತಿಂಗಳ ಮೇಲೆ ವಾಪಸಾದಾಗ, ಚಾರ್ಟ್ ಶೀಟಿನಲ್ಲಿ ಬರೆದು ಗೋಡೆಗೆ ಅಂಟಿಸಿದೆವು: “ಕೊನೆಗೂ ಇಂಗ್ಲೀಷು ಕಲಿತು ಬಂದ ಮೇಷ್ಟ್ರಿಗೆ ಸ್ವಾಗತ.” ಆ ಸಾಲು ನನ್ನದೇ. ಈಗ ಇನ್ನಿಬ್ಬರು ತಮ್ಮದು ಅಂತಾರೆ, ಸುಳ್ಳು.

ಮೇಷ್ಟ್ರು ಓದಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದರು. ‘ಇಂಗ್ಲೀಷು’ ಹೊಡೆದು ‘ಇಂಗ್ಲಿಷ್’ ಮಾಡಿದರು. ಕೆಳಗೆ 4/10 ಹಾಕಿದರು. ಕುರ್ಚಿ ಎಳೆದು ಕೂತು, “ಭಟ್ರೇ, ಇವರ ಲೆಕ್ಕದಲ್ಲಿ ಎರಡು ಮಸಾಲೆ” ಅಂದರು. ಅಲ್ಲಿಂದ ಪ್ರತಿ ಶನಿವಾರ ಬರತೊಡಗಿದರು. ಇವತ್ತು ನಾನು ನಾಲ್ಕು ಸಾಲು ಬರೆದು ಅಚ್ಚು ಹಾಕಿಸಿಕೊಳ್ತೀನಿ ಅಂದರೆ ಅದು ಆ 4/10ರ ಹಟ.

ನನ್ನ ಮಗಳ ಕಾಲೇಜಿನಲ್ಲಿ ಎಲ್ಲದಕ್ಕೂ ಪಿಪಿಟಿ. ತೂಕಡಿಸಿದವರಿಗೂ ಪಿಡಿಎಫ್ ಸಿಗುತ್ತೆ. ಅನುಕೂಲವೇ, ಇಲ್ಲ ಅನ್ನಲ್ಲ. ಪುಸ್ತಕ ಮುಚ್ಚಿದರೆ ಪೋಷಕರು ದೂರು ಕೊಡ್ತಾರಂತೆ.

1932ರಲ್ಲಿ ಅದೇ ಅಲ್ಗಾಂಕ್ವಿನ್ ಗುಂಪಿನ ಕಾದಂಬರಿಕಾರ್ತಿ ಎಡ್ನಾ ಫರ್ಬರ್ ಊಟಕ್ಕೆ ಹೋದಾಗ ಆ ಮೇಜಿನಲ್ಲಿ ಕ್ಯಾನ್ಸಸ್ ಕಡೆಯ ಒಂದು ಸಂಸಾರ ಕೂತಿತ್ತಂತೆ. ಗುಂಪು ಮುಗೀತು ಅಂತ ಆಕೆಗೆ ಗೊತ್ತಾಗಿದ್ದು ಆಗ. ಇದನ್ನು ಹೇಳುವಾಗ ಮೇಷ್ಟ್ರು ದನಿ ಇಳಿಸುತ್ತಿದ್ದರು. ನಮಗೆ ಯಾಕೋ ನಗು ಬರುತ್ತಿತ್ತು.

ಶ್ರದ್ಧಾಂಜಲಿ ಸಭೆ ಮುಗಿಸಿ ಕ್ಯಾಂಟೀನಿಗೆ ಹೋದೆವು. ಮೂಲೆಯಲ್ಲಿ ನಾಲ್ಕು ಹುಡುಗಿಯರು, ಒಂದೇ ಪ್ಲೇಟ್ ಗೋಬಿ ಮಂಚೂರಿ. ಏನಕ್ಕೋ ಬಿದ್ದು ಬಿದ್ದು ನಗುತ್ತಿದ್ದರು. ಒಬ್ಬಳು ನಮ್ಮನ್ನು ನೋಡಿ ಎದ್ದಳು. “ಅಂಕಲ್, ಕೂತ್ಕೋಬೇಕಿತ್ತಾ?”

“ಇಲ್ಲಮ್ಮ, ನೀವು ಕೂತಿರಿ” ಅಂದು ನಿಂತೇ ಕಾಫಿ ಕುಡಿದೆವು.