ಬಿದ್ದದ್ದಾ, ಹಾಕದ್ದಾ?

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ತಿರುಗುತ್ತಾ ಉಂಟು. "ಕ್ಯಾಪ್ ಬಿದ್ದದ್ದಾ, ನೀವು ಹಾಕದ್ದಾ?"

ಹೊರಟದ್ದು ಕಾಸರಗೋಡು ಕಡೆಯ ಪೆರ್ಲದ ದೊಡ್ಡಮ್ಮನ ಮನೆಗೆ. ಅವರು ಸೊಂಟ ಹಿಡಿದು ಮಲಗಿ ಒಂದು ತಿಂಗಳ ಮೇಲಾಗಿದೆ. ಬದಿಯಡ್ಕ ದಾಟಿ ಉಕ್ಕಿನಡ್ಕ ಹತ್ತಿರವಾಗುವಾಗ ಬೈಕಿನ ಹಿಂಭಾಗ ಎಮ್ಮೆ ನಡೆದ ಹಾಗೆ ಓಲಾಡಿತು. ಇಳಿದು ನೋಡಿದರೆ ಟಯರು ನೀರುದೋಸೆ.

ಗಾಳಿ ಇಲ್ಲದೆ ಓಡಿಸಿದರೆ ಟಯರು ರಿಮ್ಮಿನ ಮೇಲೆ ಜಾರುತ್ತದೆ. ಜೊತೆಗೆ ಟ್ಯೂಬನ್ನೂ ಎಳೆದು ವಾಲ್ವಿನ ಬುಡದಲ್ಲೇ ಹರಿಯುತ್ತದೆ. ಅಲ್ಲಿ ಹರಿದರೆ ಪ್ಯಾಚ್ ನಿಲ್ಲುವುದಿಲ್ಲ, ಹೊಸ ಟ್ಯೂಬೇ ಗತಿ. ಹಾಗಾಗಿ ತಳ್ಳಿದೆ. ದಾರಿಯಲ್ಲಿ ಸಿಕ್ಕಿದ ಒಂದೇ ಒಂದು ಪಂಕ್ಚರ್ ಅಂಗಡಿಯ ಶಟರ್ ಎಳೆದಿತ್ತು. ಬಿಸಿಲು, ಏರು ರಸ್ತೆ, ಹೆಲ್ಮೆಟ್ ಒಳಗೆ ಬೆವರು. ಜಾಸ್ತಿ ಹೇಳುವುದಿಲ್ಲ, ತಳ್ಳಿದವರಿಗೆ ಗೊತ್ತು.

ರಸ್ತೆ ಪಕ್ಕದ ಮನೆಯ ಅಂಗಳದಲ್ಲಿ ಒಬ್ಬರು ಲುಂಗಿ ಎತ್ತಿ ಕಟ್ಟಿ, ಕಾಲಲ್ಲೇ ಅಡಿಕೆ ಮಗುಚುತ್ತಿದ್ದರು. ಅರುವತ್ತು ದಾಟಿರಬಹುದು. ನಾನು ಮಲಯಾಳದಲ್ಲಿ ಕೇಳಿದೆ, ಅವರು ತುಳುವಿನಲ್ಲಿ ಹೇಳಿದರು, ಎರಡನೇ ಮಾತಿಗೆ ಇಬ್ಬರೂ ಕನ್ನಡಕ್ಕೆ ಬಂದೆವು. ನಮ್ಮ ಕಡೆ ಇದು ಮಾಮೂಲು.

ಒಳಗಿಂದ ಹಳೇ ಸೈಕಲ್ ಪಂಪ್ ತಂದರು. ಸೈಕಲ್ ಯಾವತ್ತೋ ಗುಜರಿಗೆ ಹೋಗಿದೆಯಂತೆ, ಪಂಪ್ ಮಾತ್ರ ಉಳಿದಿದೆ. ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ವಾಲ್ವ್ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಕ್ಯಾಪ್ ಎಲ್ಲಿ?"

"ಬಿದ್ದು ಹೋಗಿದೆ ಅಣ್ಣಾ."

"ಬಿದ್ದದ್ದಾ, ನೀವು ಹಾಕದ್ದಾ?"

ಈ ಥರದವರನ್ನು ಕಂಡರೆ ನನಗೆ ಸ್ವಲ್ಪ ಅಲರ್ಜಿ. ಸಹಾಯ ಮಾಡ್ತಾರೆ, ಆದರೆ ಮೊದಲು ವಿಚಾರಣೆ ಆಗಬೇಕು. ನಾನು ಸುಮ್ನೆ ನಕ್ಕೆ. ಅವರು ನಗಲಿಲ್ಲ.

ಪಂಪಿನ ಬಾಯಿ ಬೈಕಿನ ವಾಲ್ವಿಗೆ ಸರಿ ಕೂರಲಿಲ್ಲ. ಅವರು ಒತ್ತಿ ಹಿಡಿದರು, ನಾನು ಹೊಡೆದೆ. ಅರ್ಧ ಗಾಳಿ ಟಯರಿಗೆ, ಅರ್ಧ ಪೆರ್ಲಕ್ಕೆ. 150ರ ತನಕ ಲೆಕ್ಕ ಇಟ್ಟೆ, ಮತ್ತೆ ಉಸಿರು ಎಣಿಸುವುದೇ ಆಯಿತು. ಪಂಪಿನ ಬುಡ ಮುಟ್ಟಿದರೆ ಚಾ ಲೋಟದಷ್ಟು ಬಿಸಿ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ ಅಂತ ಶಾಲೆಯಲ್ಲಿ ಓದಿದ್ದು ಕೈಗೆ ತಾಗಿದ್ದು ಅವತ್ತೇ.

ಆಮೇಲೆ ಅವರು ಬೆರಳಿಗೆ ಉಗುಳು ಹಚ್ಚಿ ವಾಲ್ವಿನ ಬಾಯಿಗೆ ಸವರಿದರು. ಸಾಸಿವೆಯಷ್ಟು ಒಂದು ಗುಳ್ಳೆ ಎದ್ದಿತು. ಒಡೆಯಿತು. ಇನ್ನೊಂದು ಎದ್ದಿತು. "ಪಂಕ್ಚರ್ ಅಲ್ಲ. ಪಿನ್ನು ಲೂಸು. ಧೂಳು ಹೋಗಿ ಕೂತಿದೆ."

ಹಾರ್ಲಿಕ್ಸ್ ಬಾಟಲಿ ಬಂತು, ಅದರ ತುಂಬ ಬೋಲ್ಟು, ಮೊಳೆ, ಕೀ. ಅದರೊಳಗಿಂದ ತಲೆಯಲ್ಲಿ ಸೀಳು ಇರುವ ಒಂದು ಹಿತ್ತಾಳೆ ಕ್ಯಾಪ್ ಹೆಕ್ಕಿದರು. ಅವರ ಹಳೇ ಜೀಪಿನದ್ದು. ತಲೆಕೆಳಗೆ ಮಾಡಿ ವಾಲ್ವಿನೊಳಗೆ ತೂರಿಸಿ ಬಲಕ್ಕೆ ಅರ್ಧ ಸುತ್ತು ತಿರುಗಿಸಿದರು. ಪುನಃ ಉಗುಳು. ಗುಳ್ಳೆ ಇಲ್ಲ. ಕ್ಯಾಪ್ ನೆಟ್ಟಗೆ ಮಾಡಿ ಅಲ್ಲೇ ತಿರುಪಿದರು. ಜೀಪಿನ ಕ್ಯಾಪ್ ಬೈಕಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅಮೆರಿಕದ ಶ್ರೇಡರ್ ಅನ್ನುವವರು 1890ರ ದಶಕದಲ್ಲಿ ಮಾಡಿದ ವಾಲ್ವೇ ಇವತ್ತಿಗೂ ಕಾರಿಗೂ ಬೈಕಿಗೂ ಇರುವುದು. ಅಷ್ಟು ವರ್ಷದಿಂದ ಅವರ ಕ್ಯಾಪನ್ನು ಎಷ್ಟು ಜನ ಬೀಳಿಸಿಕೊಂಡಿರಬಹುದು! ಅಲ್ಲ, ಎಷ್ಟು ಜನ ಹಾಕದೇ ಬಿಟ್ಟಿರಬಹುದು.

ಹಿಮ್ಮಡಿಯಲ್ಲಿ ಟಯರಿಗೆ ಒಂದು ಒದ್ದು, "ಪೆರ್ಲಕ್ಕೆ ಸಾಕು" ಅಂದರು. ದುಡ್ಡು ತೆಗೆಯಲು ಹೋದೆ. "ಗಾಳಿಗಾ?" ಅಂದು ಅಡಿಕೆ ಮಗುಚಲು ಹೋದರು. ಪೆರ್ಲದಲ್ಲಿ ಗೇಜ್ ಇಟ್ಟು ನೋಡಿದಾಗ 22 ಇತ್ತು. ಚೈನ್ ಕವರಿನ ಸ್ಟಿಕ್ಕರ್ 28 ಅನ್ನುತ್ತದೆ. ಸೈಕಲ್ ಪಂಪಿಗೆ ಅದು ಸಣ್ಣ ಸಂಗತಿ ಅಲ್ಲ.

ದೊಡ್ಡಮ್ಮ ಜಗಲಿಯಲ್ಲಿ ಕೂತಿದ್ದರು. "ಈಗ ನೆನಪಾಯ್ತಾ?" ಅಂದರು. "ಬರ್ಲಿಕ್ಕೆ ಆಗ್ಲಿಲ್ಲ ದೊಡ್ಡಮ್ಮ" ಅಂದೆ. ಅಂದ ಕೂಡಲೇ ಕುಕ್ಕರಗಾಲಲ್ಲಿ ಕೂತ ಆ ಮನುಷ್ಯ ಎದುರು ಬಂದ. ಆಗದ್ದಾ, ನೀನು ಬಾರದ್ದಾ?

ಅಲ್ಲಿಂದ ಶುರುವಾದದ್ದು ಇನ್ನೂ ನಿಂತಿಲ್ಲ. ನಮ್ಮ ಬಾಯಲ್ಲಿ ಎಲ್ಲವೂ ತಾನಾಗಿಯೇ ಆಗುತ್ತದೆ. ಲೋಟ ಒಡೆಯಿತು, ಹಾಲು ಉಕ್ಕಿತು, ಲೇಟಾಯ್ತು, ಮರೆತು ಹೋಯ್ತು. ಮಾಡಿದವನು ಎಲ್ಲೂ ಇಲ್ಲ. ಆಫೀಸಿನಲ್ಲಿ ಫೈಲ್ ಕೂಡ ತಾನೇ ಕಾಣೆಯಾಗುತ್ತದೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು ಅಂತೇವೆ, ಅದೇನು ಬೆಳಗ್ಗಿನ ಬಸ್ಸು ಹತ್ತಿ ಹೋದದ್ದಾ?

ಅಷ್ಟರ ತನಕ ತಮಾಷೆ. ಕಳೆದ ತಿಂಗಳು ಊರಿನ ಮದುವೆ ಮನೆಯಲ್ಲಿ ನಾಲ್ಕು ಜನ ಕೂತು, ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರು ಅಂತ ಅರ್ಧ ಗಂಟೆ ಬೇಜಾರು ಮಾಡಿಕೊಂಡೆವು. ಜಾಸ್ತಿ ಬೇಜಾರು ಮಾಡಿದವನು ನಾನೇ. ನನ್ನ ಮಗಳು ಹೋಗುವುದು ಇಂಗ್ಲಿಷ್ ಮೀಡಿಯಂಗೆ. ಮನೆ ಎದುರಿಗೇ ಬಸ್ಸು ಬರುತ್ತದೆ, ಅನುಕೂಲ ಆಯಿತು ಅಂತ ಎಲ್ಲರ ಹತ್ತಿರ ಹೇಳಿದ್ದೇನೆ. ಕಡಿಮೆಯಾದದ್ದಾ, ನಾನು ಕಳಿಸದ್ದಾ? ಆ ಮನುಷ್ಯನಿಗೆ ನನ್ನ ವಾಲ್ವ್ ಬಿಟ್ಟು ಬೇರೇನೂ ಗೊತ್ತಿರಲಿಲ್ಲ, ಆದರೂ ಈಗ ಎಲ್ಲದಕ್ಕೂ ಬಂದು ಕೂರುತ್ತಾರೆ.

ನಿನ್ನೆ ಪಂಪಿನಲ್ಲಿ ಪೆಟ್ರೋಲ್ ಹಾಕಿಸಿ, ಎರಡೂ ಚಕ್ರಕ್ಕೆ ಗಾಳಿ ತುಂಬಿಸಿದೆ. ಹಿಂದೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ರಾತ್ರಿ ಅಂಗಿ ಕಳಚುವಾಗ ಜೇಬಿನಿಂದ ಏನೋ ಟಣ್ ಅಂತ ನೆಲಕ್ಕೆ ಬಿತ್ತು. ಹಿತ್ತಾಳೆಯದ್ದು, ತಲೆಯಲ್ಲಿ ಸೀಳು.

ಟಾರ್ಚ್ ಹಿಡ್ಕೊಂಡು ಅಂಗಳಕ್ಕೆ ಇಳಿದೆ. "ಎಂತ ಬಿದ್ದದ್ದು?" ಅಂತ ಹೆಂಡತಿ ಒಳಗಿಂದ ಕೇಳಿದಳು.