ಭಾವನ ಕೈಯೂ ಕಳೆದುಹೋದ ಐದು ತಿಂಗಳೂ

ಬದಿಯಡ್ಕದ ಬಳಿಯ ತೋಟದಲ್ಲಿ ಸೋಗೆ ಕಡಿಯುವಾಗ ಕತ್ತಿ ಜಾರಿ, ಭಾವನ ಎಡ ಮೊಣಕೈಯ ಒಳಬದಿಗೆ ಆಳವಾಗಿ ತಾಗಿತು. ಊರಿನಲ್ಲೇ ಹೊಲಿಗೆ ಹಾಕಿಸಿಕೊಂಡರು, ಗಾಯವೂ ಬೇಗನೆ ಒಣಗಿತು. ಕಿರುಬೆರಳೂ ಉಂಗುರಬೆರಳಿನ ಒಂದು ಬದಿಯೂ ಮರಗಟ್ಟಿದಂತಿದ್ದುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. “ಗಾಯ ಒಣಗಿದ್ದನ್ನೆ, ಜೋಮು ಮೆಲ್ಲಂಗೆ ಹೋಕು ಭಾವ” ಎಂದು ಭಾವನೇ ನನ್ನನ್ನು ಸಮಾಧಾನಪಡಿಸಿದ್ದರು.

ಅಡಿಕೆ ಸುಲಿಯಲು ಮೆಟ್ಟುಕತ್ತಿಯ ಮುಂದೆ ಕುಳಿತಾಗ ಎಡಗೈಯಿಂದ ಅಡಿಕೆ ಜಾರತೊಡಗಿತು. ಮಂಗಳೂರಿನ ವೈದ್ಯರನ್ನು ಕಂಡದ್ದು ಗಾಯವಾಗಿ ಐದು ತಿಂಗಳಾದ ಮೇಲೆ. ಅವರು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಕಾಗದವನ್ನು ಹಿಡಿಸಿ ಮೆಲ್ಲನೆ ಎಳೆದರು. ಬಿಡಬಾರದೆಂಬ ಹಟದಲ್ಲಿ ಭಾವನ ಹೆಬ್ಬೆರಳಿನ ತುದಿಗಂಟು ಕೊಕ್ಕೆಯಂತೆ ಬಾಗಿತು. ಅದರ ಬುಡದಲ್ಲಿ, ಕೈಯ ಹಿಂಬದಿಯಲ್ಲಿ, ಮಾಂಸ ಕರಗಿ ಗುಳಿ ಬಿದ್ದುದನ್ನು ನಾನು ಗಮನಿಸಿದ್ದು ಆಗಲೇ. ಮೊಣಕೈಯ ಒಳಬದಿಯಿಂದ ಅಂಗೈಗೆ ಇಳಿಯುವ ನರ ಕತ್ತಿಯ ಏಟಿಗೆ ತುಂಡಾಗಿತ್ತು.

ತುಂಡಾದ ನರದಲ್ಲಿ ಗಾಯದಿಂದ ಆಚೆಗಿನ ತಂತುಗಳು ನಶಿಸುತ್ತವೆ ಎಂಬುದನ್ನು 1850ರಲ್ಲೇ ಆಗಸ್ಟಸ್ ವಾಲರ್ ಕಪ್ಪೆಯ ನಾಲಗೆಯ ನರಗಳಲ್ಲಿ ತೋರಿಸಿದ್ದರು. ನರವನ್ನು ಹೊಲಿದ ಮೇಲೆ ಹೊಸ ತಂತುಗಳು ಮೇಲಿನ ತುದಿಯಿಂದ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯಬೇಕು. ಮೊಣಕೈಯಿಂದ ಅಂಗೈಗೆ 30 ಸೆಂಟಿಮೀಟರ್ ಎಂದುಕೊಂಡರೂ ಹತ್ತು ತಿಂಗಳ ದಾರಿ; ಭಾವ ಕಳೆದ ಐದು ತಿಂಗಳನ್ನು ಅದಕ್ಕೆ ಕೂಡಿಸಬೇಕು. ಅಷ್ಟು ಕಾಲ ಸ್ನಾಯು ನರದ ಸಂದೇಶವಿಲ್ಲದೆ ಬಾಡುತ್ತಲೇ ಇರುತ್ತದೆ. ಒಂದು, ಒಂದೂವರೆ ವರ್ಷ ಕಳೆದರೆ ಅದರ ಜಾಗದಲ್ಲಿ ಕೊಬ್ಬೂ ನಾರೂ ತುಂಬಿಕೊಂಡು, ತಂತು ಬಂದು ಮುಟ್ಟಿದರೂ ಬಲ ಕೂಡುವುದು ಕಷ್ಟ. ಕೆಡುವುದು ಸ್ನಾಯುವೊಂದೇ ಅಲ್ಲ. ಹೊಸ ತಂತುವಿಗೆ ದಾರಿ ತೋರುವ, ಶ್ವಾನ್ ಕೋಶಗಳೆಂದು ಕರೆಯುವ ಪೋಷಕ ಕೋಶಗಳೂ ತಿಂಗಳು ಕಳೆದಂತೆ ಸೊರಗುತ್ತವೆ. ತುಂಡಾದ ತುದಿಗಳು ಹಿಂದಕ್ಕೆ ಸರಿದು ಗಂಟುಕಟ್ಟಿದ್ದರಿಂದ, ಭಾವನಿಗೆ ಕಾಲಿನ ನರವೊಂದನ್ನು ತೆಗೆದು ನಡುವೆ ಜೋಡಿಸಬೇಕಾಯಿತು. ಅಲ್ಲಿಗೆ ಒಂದರ ಬದಲು ಎರಡು ಹೊಲಿಗೆಗಳನ್ನು ದಾಟುವ ಕೆಲಸ ತಂತುಗಳ ಪಾಲಿಗೆ ಬಂತು.

ಎಲ್ಲ ನರದ ಪೆಟ್ಟಿಗೂ ಕೂಡಲೇ ಶಸ್ತ್ರಚಿಕಿತ್ಸೆ ಬೇಕೆಂದು ಇದರ ಅರ್ಥವಲ್ಲ. ಚರ್ಮ ಹರಿಯದೆ ನರ ಜಜ್ಜಿದ್ದರೆ, ತಾನಾಗಿ ಚೇತರಿಸುತ್ತದೆಯೇ ಎಂದು ಸುಮಾರು ಮೂರು ತಿಂಗಳು ಕಾದು ನೋಡುವುದುಂಟು. ಆದರೆ ಕತ್ತಿಯ ಗಾಯದ ಕೆಳಗೆ ಬೆರಳು ಮರಗಟ್ಟಿದ್ದರೆ ಕಾಯುವುದರಲ್ಲಿ ಲಾಭವಿಲ್ಲ. ಹೊಲಿಗೆ ಹಾಕುವ ಮೊದಲು ಬೆರಳ ತುದಿ ಮುಟ್ಟಿ “ಗೊತ್ತಾಗುತ್ತದೆಯೇ” ಎಂದು ಯಾರಾದರೂ ಕೇಳಬೇಕಿತ್ತೆಂಬ ಅಸಮಾಧಾನ ನನಗೆ ಇನ್ನೂ ಇದೆ, ನಾನೂ ಕೇಳಿರಲಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಈಗ ಎರಡು ವರ್ಷ. ಸ್ಪರ್ಶಜ್ಞಾನ ತಡವಾಗಿಯಾದರೂ ಸ್ವಲ್ಪ ಮರಳುವುದುಂಟು. ಬಿಸಿ ಚಾಯದ ಲೋಟ ಕಿರುಬೆರಳಿಗೆ ತಾಗಿದರೆ ಭಾವ ಕೈ ಹಿಂತೆಗೆಯುತ್ತಾರೆ. ಹೆಬ್ಬೆರಳ ಬುಡದ ಗುಳಿ ಮಾತ್ರ ತುಂಬಿಲ್ಲ. ಮೆಟ್ಟುಕತ್ತಿಯ ಮುಂದೆ ಈಗ ಅಕ್ಕ ಕೂರುತ್ತಾಳೆ.