ಪ್ರಮಾಣಪತ್ರವೇ ನಕಲು!

ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಕೃತಿಚೌರ್ಯ ತಪಾಸಣೆಯ ದಿನ ಅಂತ ಒಂದಿರುತ್ತದೆ. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಫೈಲು ಕೊಟ್ಟು ಹೊರಗೆ ಕೂತವರನ್ನು ನೋಡಿದರೆ ರಕ್ತಪರೀಕ್ಷೆಯ ರಿಪೋರ್ಟಿಗೆ ಕಾದವರಂತಿರುತ್ತಾರೆ. ಪ್ರಬಂಧವನ್ನು ಬೇರೆ ಬರಹಗಳೊಂದಿಗೆ ಹೋಲಿಸಿ ನೋಡುವ ತಂತ್ರಾಂಶದ ವರದಿ ಬಂತು, ಮೊದಲ ಪುಟವೇ ಕೆಂಪು. ‘ಇದು ನನ್ನ ಸ್ವಂತ ಸಂಶೋಧನೆ, ಬೇರಾವ ಪದವಿಗೂ ಸಲ್ಲಿಸಿಲ್ಲ’ ಎನ್ನುವ ಪ್ರಮಾಣಪತ್ರವೇ ನಕಲಂತೆ! ಅದರ ಒಕ್ಕಣೆ ವಿಶ್ವವಿದ್ಯಾಲಯದ್ದೇ, ಬದಲಿಸುವಂತಿಲ್ಲ. ದೇಶದ ಪಿಎಚ್‌ಡಿ ಪ್ರಬಂಧಗಳ ಅಂತರ್ಜಾಲ ಸಂಗ್ರಹವಾದ ಶೋಧಗಂಗಾದಲ್ಲಿ ಎಷ್ಟೋ ಪ್ರಬಂಧಗಳು ಇದೇ ಮಾತಿನಿಂದ ಶುರುವಾಗುತ್ತವೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಹೋಲಿಕೆ ಶೇ. 10ರವರೆಗಿದ್ದರೆ ದಂಡವಿಲ್ಲ. 40ರವರೆಗೆ ಹೋದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ದಾಟಿದರೆ ನೋಂದಣಿಯೇ ರದ್ದು. ಮುನ್ನುಡಿ, ಕೃತಜ್ಞತೆ, ಪರಿವಿಡಿ, ಗ್ರಂಥಸೂಚಿಗಳನ್ನು ಲೆಕ್ಕದಿಂದ ಬಿಡಬೇಕೆಂದೂ ಅದೇ ನಿಯಮ ಹೇಳುತ್ತದೆ. ಆದರೆ ಬಿಡಬೇಕಾದದ್ದನ್ನು ತಂತ್ರಾಂಶದಲ್ಲಿ ಯಾರಾದರೂ ಟಿಕ್ ಮಾಡಬೇಕಲ್ಲ! ಹಾಗಾಗಿ ಅಧ್ಯಾಯಗಳನ್ನಷ್ಟೇ ಬೇರೆ ಫೈಲು ಮಾಡಿ ಕೊಡುವುದು ಜಾಣತನ.

ನಿಜವಾದ ಮಜಾ ಕನ್ನಡ ವಿಭಾಗದ್ದು. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಪ್ರಬಂಧ ತಂತ್ರಾಂಶಕ್ಕೆ ಕನ್ನಡವಾಗಿ ಕಾಣುವುದೇ ಇಲ್ಲ. ಪರದೆಯ ಮೇಲೆ ‘ಕನ್ನಡ’ ಅಂತಿದ್ದರೂ ಒಳಗಿರುವುದು ಟೋಪಿ ಹಾಕಿದ ರೋಮನ್ ಅಕ್ಷರಗಳು, ನಡುವೆ ಒಂದು ಪೌಂಡ್ ಚಿಹ್ನೆ. ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಎಂಬ ಅಕ್ಷರಸಂಕೇತದ ಯಾವ ಬರಹಕ್ಕೂ ಹೊಂದುವುದಿಲ್ಲ, ಹೋಲಿಕೆ ಸೊನ್ನೆಗೆ ಬಂದು ನಿಲ್ಲುತ್ತದೆ. ಇಂಥ ಸೊನ್ನೆ ನೋಡಿ ಹಿಗ್ಗುವವರೂ ಇದ್ದಾರೆ. ಅನುಭವಿ ಗ್ರಂಥಪಾಲಕರು ಮಾತ್ರ ‘ಯೂನಿಕೋಡ್ ಮಾಡಿ ತನ್ನಿ’ ಎಂದು ವಾಪಸು ಕಳಿಸುತ್ತಾರೆ.

ಆಗ ನುಡಿಯನ್ನು ಯೂನಿಕೋಡಿಗೆ ತರುವ ಪರಿವರ್ತಕದ ಪಾಳಿ. ಇಡೀ ಫೈಲನ್ನು ಒಮ್ಮೆಗೇ ಹಾಕಿದರೆ ಅದು ಇಂಗ್ಲಿಷ್ ಉಲ್ಲೇಖಗಳನ್ನೂ ನುಡಿ ಅಂದುಕೊಂಡು ಯಾವ ಭಾಷೆಗೂ ಸೇರದ ಒತ್ತಕ್ಷರ ಮಾಡಿ ಕೈಗಿಡುತ್ತದೆ. ಇಂಗ್ಲಿಷ್ ಭಾಗ ತೆಗೆದಿಟ್ಟು, ಅಧ್ಯಾಯಕ್ಕೊಂದು ಸಲ ಪರಿವರ್ತಿಸಿ, ಅರ್ಕಾವೊತ್ತು ಬರುವ ಪದಗಳನ್ನು ಕಣ್ಣಾರೆ ನೋಡಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್ ಅಂತೂ ಬರೀ ಚಿತ್ರ, ಕೊಡಲೇಬೇಡಿ.

ವಚನಗಳ ಪಾಡು ಬೇರೆ. ಉದ್ಧರಣ ಚಿಹ್ನೆಯಿಲ್ಲದೆ ಬರೀ ಒಳಸರಿಸಿ ಕೂರಿಸಿದರೆ ಅದು ಉಲ್ಲೇಖವೆಂದು ಯಂತ್ರಕ್ಕೆ ತಿಳಿಯುವುದು ಕಷ್ಟ. ಕದಿಯಬೇಡ ಎಂದ ಬಸವಣ್ಣನ ಮಾತೇ ಕದ್ದ ಮಾಲಾಗಿ ಪಟ್ಟಿಗೆ ಸೇರುತ್ತದೆ.

ಅಭ್ಯರ್ಥಿ ತಾನೇ ಮೊದಲು ಪ್ರಕಟಿಸಿದ ಲೇಖನವೂ ಸಿಕ್ಕಿಬೀಳುತ್ತದೆ. ಪ್ರಬಂಧಕ್ಕೆ ಮುಂಚೆ ಲೇಖನ ಪ್ರಕಟವಾಗಿರಲೇಬೇಕೆಂದು ಯುಜಿಸಿಯ 2016ರ ನಿಯಮ ಪಟ್ಟು ಹಿಡಿದಿತ್ತು, 2022ರಲ್ಲಿ ಅದು ಹೋಯಿತು. ಪ್ರಕಟಿಸಿದ್ದರೆ ಮಾರ್ಗದರ್ಶಕರಿಂದ ಪತ್ರ ಬರೆಸಿ ಆ ಮೂಲವನ್ನು ಕೈಬಿಡಿಸಬೇಕು.

ಇನ್ನೊಂದು: ಮೊದಲ ಸಲ ಫೈಲು ಏರಿಸುವಾಗಲೇ ‘ತಂತ್ರಾಂಶದ ಭಂಡಾರದಲ್ಲಿ ಉಳಿಸಬೇಡಿ’ ಎಂದು ಹೇಳಿಬಿಡಿ. ಮರೆತರೆ ತಿದ್ದಿದ ಪ್ರತಿ ಹಳೆಯ ಪ್ರತಿಯ ಜೊತೆಗೇ ಹೊಂದಿ ಹೋಲಿಕೆ ನೂರರ ಹತ್ತಿರ ಬರುತ್ತದೆ. ಮೂಲ ಯಾರದೆಂದು ನೋಡಿದರೆ ಅಲ್ಲಿರುವುದು ಅಭ್ಯರ್ಥಿಯ ಹೆಸರೇ.